ರೆಪ್ಪೆಯ ಗಂಟು, ಅದರ ಹಿಂದಿನ ಕಣ್ಣು

ಆ ಮಗು ನನ್ನ ಬಳಿಗೆ ಮೊದಲು ಬಂದದ್ದು ನವೆಂಬರ್ ಕೊನೆಯ ವಾರದಲ್ಲಿ. ಮೂರು ವರ್ಷ ಎಂಟು ತಿಂಗಳ ಹುಡುಗಿ, ಮಲೆನಾಡಿನ ಅಡಿಕೆ ತೋಟದ ಮನೆಯವಳು. ನನ್ನ ಬಿಳಿ ಕೋಟು ಕಂಡ ಕೂಡಲೇ ಮುಖವನ್ನು ಅಮ್ಮನ ಹೆಗಲಿಗೆ ಒತ್ತಿಕೊಂಡವಳು ಕೊನೆಯವರೆಗೂ ತಲೆ ಎತ್ತಲಿಲ್ಲ. ಜೊತೆಯಲ್ಲಿ ಅಜ್ಜಿ ಇದ್ದರು. ಮಾತೆಲ್ಲ ಅವರದೇ. ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ದೀಪಾವಳಿಯ ಹೊತ್ತಿಗೆ ಬಲಗಣ್ಣಿನ ಮೇಲಿನ ರೆಪ್ಪೆ ಕೆಂಪಾಗಿ ಊದಿಕೊಂಡಿತ್ತಂತೆ. ಮೂರು ನಾಲ್ಕು ದಿನ ಮುಟ್ಟಿದರೆ ನೋವು. ಅಜ್ಜಿ ಅದನ್ನು ಕಣ್ಣುಕುರು ಎಂದು ಗುರುತಿಸಿ, ತಮ್ಮ ತೋರುಬೆರಳನ್ನು ಅಂಗೈಗೆ ಉಜ್ಜಿ ಬಿಸಿ ಮಾಡಿ ರೆಪ್ಪೆಗೆ ಒತ್ತಿದರು. ಸಂಜೆ ದೃಷ್ಟಿಯನ್ನೂ ತೆಗೆದರು. ಕೆಂಪು ಇಳಿಯಿತು, ನೋವು ಹೋಯಿತು. ಆದರೆ ರೆಪ್ಪೆಯೊಳಗೆ ಕಾಳಿನಂಥ ಗಂಟೊಂದು ಉಳಿದುಬಿಟ್ಟಿತು. ಎಡಗಣ್ಣಿನ ಕೆಳರೆಪ್ಪೆಯಲ್ಲೂ ಇನ್ನೊಂದು ಚಿಕ್ಕದು ಮೊಳೆತಿತ್ತು.

ನಾನು ಗಂಟನ್ನು ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು, ನೋವಿರಲಿಲ್ಲ, ಮೇಲಿನ ಚರ್ಮ ಅದರ ಮೇಲೆ ಸರಾಗವಾಗಿ ಸರಿಯುತ್ತಿತ್ತು. "ಹೆದರುವಂಥದ್ದೇನೂ ಇಲ್ಲ. ದಿನಕ್ಕೆ ಮೂರು ಸಲ ಬಿಸಿ ಶಾಖ ಕೊಡಿ. ಒಂದು ತಿಂಗಳು ಬಿಟ್ಟು ತೋರಿಸಿ" ಎಂದು ಚೀಟಿ ಬರೆದುಕೊಟ್ಟೆ. ಹೊರಗೆ ಪೊರೆ ಶಸ್ತ್ರಚಿಕಿತ್ಸೆಯಾದ ಹಿರಿಯರು ಸಾಲಾಗಿ ಕಾದಿದ್ದರು. ಮಗು ಅಳುತ್ತಿತ್ತು. ದೃಷ್ಟಿ ಪರೀಕ್ಷೆ ಮಾಡದೆ ಕಳುಹಿಸಿದೆ. ಅಂದು ಹೇಳಿದ ಮಾತು ಸರಿಯಾಗಿಯೇ ಇತ್ತು. ಆದರೆ ಶಾಖ ಕೊಡುವುದು ಹೇಗೆಂದು ತೋರಿಸಲಿಲ್ಲ, ಗಂಟಿನ ಹಿಂದಿನ ಕಣ್ಣು ಎಷ್ಟು ಕಾಣುತ್ತಿದೆಯೆಂದು ನೋಡಲಿಲ್ಲ. ಮುಂದಿನ ಹನ್ನೊಂದು ವಾರ ಮಗುವಿಗೆ ದಂಡವಾದದ್ದು ಆ ಎರಡರಿಂದ.

ಗಂಟು ಯಾವುದು, ಕುರು ಯಾವುದು

ನಮ್ಮಲ್ಲಿ ರೆಪ್ಪೆಯ ಮೇಲೆ ಏನೆದ್ದರೂ ಕಣ್ಣುಕುರು ಎನ್ನುತ್ತೇವೆ. ವಾಸ್ತವದಲ್ಲಿ ಇವು ಎರಡು ಬೇರೆ ತೊಂದರೆಗಳು. ಚಿಕಿತ್ಸೆಯ ದಾರಿಯೂ ಅಲ್ಲಿಂದಲೇ ಕವಲೊಡೆಯುತ್ತದೆ.

ಕಣ್ಣುಕುರು ಸೋಂಕು. ರೆಪ್ಪೆಗೂದಲಿನ ಬುಡದಲ್ಲಿರುವ ಪುಟ್ಟ ಗ್ರಂಥಿಗಳಿಗೆ ಬ್ಯಾಕ್ಟೀರಿಯಾ ಹೊಕ್ಕು ಕೀವಾಗುತ್ತದೆ. ಹೆಚ್ಚಿನ ಸಲ ಅದು ಚರ್ಮದ ಮೇಲೆ ಸಹಜವಾಗಿಯೇ ಇರುವ ಸ್ಟೆಫೈಲೊಕಾಕಸ್. ಕೆಂಪು, ನೋವು, ಕೂದಲಿನ ಬುಡದಲ್ಲಿ ಹಳದಿ ಮೊನೆ, ಇವು ಅದರ ಲಕ್ಷಣಗಳು. ಒಂದೆರಡು ವಾರದಲ್ಲಿ ತಾನಾಗಿ ಒಡೆದೋ ಒಣಗಿಯೋ ಹೋಗುತ್ತದೆ.

ಈ ಮಗುವಿಗೆ ಉಳಿದದ್ದು ಬೇರೆ. ರೆಪ್ಪೆಯೊಳಗೆ ಬೆನ್ನೆಲುಬಿನಂತೆ ಒಂದು ಗಟ್ಟಿ ಪದರ ಇದೆ. ಅದರೊಳಗೆ ಎಣ್ಣೆ ಸ್ರವಿಸುವ ಗ್ರಂಥಿಗಳು ಬಾಚಣಿಗೆಯ ಹಲ್ಲುಗಳಂತೆ ನೆಟ್ಟಗೆ ಸಾಲಾಗಿ ನಿಂತಿವೆ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ 1666ರಲ್ಲಿ ಇವುಗಳನ್ನು ವಿವರಿಸಿದ್ದರಿಂದ ಇಂದಿಗೂ ಮೈಬೋಮಿಯನ್ ಗ್ರಂಥಿಗಳೆಂದೇ ಹೆಸರು. ನಾವು ಪ್ರತಿ ಸಲ ರೆಪ್ಪೆ ಬಡಿದಾಗ ಇವುಗಳಿಂದ ಚೂರೇ ಚೂರು ಎಣ್ಣೆ ಹೊರಬಂದು ಕಣ್ಣೀರಿನ ಮೇಲೆ ತೆಳ್ಳಗೆ ಹರಡುತ್ತದೆ, ಕಣ್ಣೀರು ಬೇಗ ಆರದಂತೆ ಕಾಯುತ್ತದೆ. ಒಂದು ಗ್ರಂಥಿಯ ಬಾಯಿ ಕಟ್ಟಿಕೊಂಡರೆ ಎಣ್ಣೆ ಒಳಗೇ ಉಳಿದು ದಪ್ಪಗಾಗುತ್ತದೆ, ಗೋಡೆ ಒಡೆದು ಸುತ್ತಲಿನ ಅಂಗಾಂಶಕ್ಕೆ ಸೋರುತ್ತದೆ. ಸೋರಿದ ಎಣ್ಣೆಯನ್ನು ದೇಹ ಹೊರಗಿನ ವಸ್ತುವೆಂದು ಬಗೆದು ಅದರ ಸುತ್ತ ಉರಿಯೂತದ ಗೋಡೆ ಕಟ್ಟುತ್ತದೆ. ಆ ಗಂಟೇ ಕಲೇಜಿಯನ್. ಗ್ರೀಕ್ ಭಾಷೆಯ ಆಲಿಕಲ್ಲು ಎಂಬ ಪದದಿಂದ ಬಂದ ಹೆಸರು. ಬೆರಳಿಟ್ಟು ನೋಡಿದವರಿಗೆ ಆ ಹೆಸರು ಎಷ್ಟು ಒಪ್ಪುತ್ತದೆಂದು ತಿಳಿಯುತ್ತದೆ.

ಇದರಲ್ಲಿ ಸೋಂಕಿಲ್ಲ. ಹಾಗಾಗಿ ಆ್ಯಂಟಿಬಯಾಟಿಕ್ ಹನಿ ಹಾಕಿದರೆ ಗಂಟು ಕರಗುವುದಿಲ್ಲ. ಹೆತ್ತವರು ಇದೊಂದನ್ನು ನೆನಪಿಟ್ಟುಕೊಂಡರೆ ಎಷ್ಟೋ ಬಾಟಲಿಗಳ ದುಡ್ಡು ಉಳಿಯುತ್ತದೆ.

ಫೆಬ್ರವರಿಯಲ್ಲಿ ಕಂಡದ್ದು

ಒಂದು ತಿಂಗಳಿಗೆ ಬರಬೇಕಿದ್ದವರು ಬರಲಿಲ್ಲ. ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸ. ಮನೆಮಂದಿಗೆಲ್ಲ ಉಸಿರಾಡಲು ಬಿಡುವಿಲ್ಲದ ಕಾಲ. ಫೆಬ್ರವರಿ ಎರಡನೆಯ ವಾರ ಅವರನ್ನು ನನ್ನ ಬಳಿಗೆ ತಿರುಗಿ ಕಳುಹಿಸಿದವರು ಅಂಗನವಾಡಿಯ ಟೀಚರ್. ಹುಡುಗಿ ಗೋಡೆಯ ಮೇಲಿನ ಚಿತ್ರ ನೋಡುವಾಗ ಗಲ್ಲ ಎತ್ತಿ, ತಲೆಯನ್ನು ಹಿಂದಕ್ಕೆ ವಾಲಿಸಿ ನೋಡುತ್ತಾಳೆ ಎಂದು ಅವರು ಗಮನಿಸಿದ್ದರು. "ಗಂಟಿನ ಭಾರಕ್ಕೆ ರೆಪ್ಪೆ ಇಳಿದಿದೆ, ಕಣ್ಣು ಅರ್ಧ ಮುಚ್ಚಿದೆ, ಮತ್ತೆ ತೋರಿಸಿ" ಎಂದು ತಾಯಿಗೆ ಎರಡು ಸಲ ಹೇಳಿದರಂತೆ. ಆ ಹೆಣ್ಣುಮಗಳಿಗೆ ನಾನು ಋಣಿ. ಹತ್ತಾರು ಮಕ್ಕಳ ನಡುವೆ ಒಂದು ಮಗುವಿನ ಗಲ್ಲ ಎಷ್ಟು ಮೇಲೆದ್ದಿದೆ ಎಂದು ಗುರುತಿಸುವುದು ಸಣ್ಣ ಮಾತಲ್ಲ.

ಈ ಸಲ ಅವಸರ ಮಾಡಲಿಲ್ಲ. ಕೋಟು ತೆಗೆದಿಟ್ಟು ನೆಲದ ಮೇಲೆ ಕುಳಿತೆ. ತಾಯಿಯ ಚೀಲದಲ್ಲಿ ಹನಿಯ ಬಾಟಲಿ ಇತ್ತು. ಪೇಟೆಯ ಔಷಧಿ ಅಂಗಡಿಯೊಂದರಲ್ಲಿ ಚೀಟಿ ಇಲ್ಲದೆ ಕೊಟ್ಟದ್ದು. ಆ್ಯಂಟಿಬಯಾಟಿಕ್ ಜೊತೆಗೆ ಸ್ಟೀರಾಯ್ಡ್ ಬೆರೆತ ಹನಿ. ಐದು ವಾರ ದಿನಕ್ಕೆ ನಾಲ್ಕು ಸಲ ಹಾಕಿದ್ದರು. ನನಗೆ ನಿಜಕ್ಕೂ ಭಯವಾಯಿತು. ಸ್ಟೀರಾಯ್ಡ್ ಹನಿ ಕೆಲವು ಮಕ್ಕಳಲ್ಲಿ ಕಣ್ಣಿನ ಒಳಒತ್ತಡವನ್ನು ಸದ್ದಿಲ್ಲದೆ ಏರಿಸುತ್ತದೆ, ದೀರ್ಘಕಾಲ ಹಾಕಿದರೆ ಪೊರೆ ಬರಿಸುತ್ತದೆ. ಎರಡೂ ಹೊರಗಿನಿಂದ ಕಾಣುವುದಿಲ್ಲ, ಮಗುವಿಗೆ ನೋವೂ ತಿಳಿಯುವುದಿಲ್ಲ. ಅದೃಷ್ಟಕ್ಕೆ ಅವಳ ಒತ್ತಡ ಸಹಜವಾಗಿತ್ತು, ಮಸೂರ ತಿಳಿಯಾಗಿತ್ತು. ಹನಿಯನ್ನು ಅಂದೇ ನಿಲ್ಲಿಸಿದೆ. ಕಣ್ಣು ಕೆಂಪಾದ ಮಗುವಿಗೆ ಅಂಗಡಿಯವರು ಕೊಟ್ಟ ಹನಿ ಬೇಗ ಗುಣ ಕಂಡಂತೆ ತೋರಿದರೆ, ಅದರೊಳಗೆ ಸ್ಟೀರಾಯ್ಡ್ ಇರಬಹುದೆಂದು ಅನುಮಾನಿಸಿ ಎಂದು ನಾನು ಈಗ ಪ್ರತಿಯೊಬ್ಬ ತಾಯಿಗೂ ಹೇಳುತ್ತೇನೆ.

ಗಂಟು ಈಗ 8 ಮಿಲಿಮೀಟರ್ ಆಗಿತ್ತು. ರೆಪ್ಪೆಯನ್ನು ಮಡಚಿ ಒಳಬದಿ ನೋಡಿದಾಗ ಗಂಟಿನ ನೇರಕ್ಕೆ ಬೂದು ಬೆರೆತ ನೇರಳೆ ಮಚ್ಚೆ ಕಂಡಿತು. ರೆಪ್ಪೆಗೂದಲ ಬುಡದಲ್ಲಿ ತಲೆಹೊಟ್ಟಿನಂಥ ಹುರುಪೆಗಳು ಅಂಟಿಕೊಂಡಿದ್ದವು. ರೆಪ್ಪೆಯ ಅಂಚಿನ ಈ ದೀರ್ಘಕಾಲದ ಉರಿಯೂತ ಇರುವ ಮಕ್ಕಳಲ್ಲಿ ಗ್ರಂಥಿಗಳ ಬಾಯಿ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಅಡಿಕೆ ಬೇಯಿಸುವ ಒಲೆಯ ಪಕ್ಕ ಆಡುತ್ತಿದ್ದ ಮಗು ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಲೇ ಇತ್ತು ಎಂದು ಅಜ್ಜಿ ಹೇಳಿದರು. ಉಜ್ಜುವ ಕೈಯ ಕೊಳೆ ರೆಪ್ಪೆಯ ಅಂಚಿಗೆ ಒಳ್ಳೆಯದಲ್ಲ.

ಆಮೇಲೆ ದೃಷ್ಟಿ. ಓದಲು ಬಾರದ ಮಗುವಿಗೆ ಅಕ್ಷರಗಳ ಬದಲು ಮನೆ, ಸೇಬು, ವೃತ್ತ, ಚೌಕಗಳಿರುವ ಚಿತ್ರಫಲಕ ಬಳಸುತ್ತೇವೆ. ದೂರದಲ್ಲಿ ಕಂಡದ್ದನ್ನು ಮಗು ಮಡಿಲಿನಲ್ಲಿರುವ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕು. ಬಲಗಣ್ಣು ಮುಚ್ಚಿದಾಗ ಹುಡುಗಿ ಆಟವೆಂದುಕೊಂಡು ಪಟಪಟನೆ ತೋರಿಸಿದಳು. ಎಡಗಣ್ಣಿಗೆ 6/9, ಅಂದರೆ ಸಹಜ ಕಣ್ಣಿಗೆ 9 ಮೀಟರಿನಿಂದ ಕಾಣುವುದು ಇವಳಿಗೆ 6 ಮೀಟರಿನಿಂದ ಕಂಡಿತು, ಆ ವಯಸ್ಸಿಗೆ ಸರಿಯಾದದ್ದು. ಎಡಗಣ್ಣು ಮುಚ್ಚಿದ ಕೂಡಲೇ ನನ್ನ ಕೈಯನ್ನು ತಳ್ಳಿದಳು. ಮತ್ತೆ ಮುಚ್ಚಿದರೆ ಮತ್ತೆ ತಳ್ಳಿದಳು. ಹಠವೆಂದು ತಾಯಿ ಗದರಿಸಹೊರಟರು, ತಡೆದೆ. ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಿದಾಗ ಮಗು ತೋರುವ ಪ್ರತಿಭಟನೆ ಅದು. ಎಷ್ಟೋ ಫಲಕಗಳಿಗಿಂತ ಸ್ಪಷ್ಟವಾದ ಉತ್ತರ. ಕೊನೆಗೆ ಬಲಗಣ್ಣಿಗೆ ಸಿಕ್ಕಿದ್ದು 6/18.

ಪಾಪೆ ಹಿಗ್ಗಿಸುವ ಹನಿ ಹಾಕಿ ಪವರ್ ಅಳೆದಾಗ ಕಾರಣ ತಿಳಿಯಿತು. ಕಣ್ಣಿನ ದುಂಡು ಎಲ್ಲ ದಿಕ್ಕಿಗೂ ಒಂದೇ ಸಮನಿಲ್ಲದಾಗ ಬರುವ ಸಿಲಿಂಡರ್ ಪವರ್ ಎಡಗಣ್ಣಿನಲ್ಲಿ ಅರ್ಧ ಡಯಾಪ್ಟರ್ (ಪವರಿನ ಅಳತೆ) ಇದ್ದರೆ ಬಲಗಣ್ಣಿನಲ್ಲಿ 2 ಡಯಾಪ್ಟರ್. ಮೇಲಿನ ರೆಪ್ಪೆಯ ನಡುವಿನ ಗಂಟು ಮಗುವಿನ ಮೃದುವಾದ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ದಿನವಿಡೀ ಒತ್ತಿ ಅದರ ದುಂಡನ್ನು ಕೆಡಿಸಿತ್ತು. ಕೆಟ್ಟ ದುಂಡಿನಿಂದ ಮಸುಕಾದ ಚಿತ್ರ. ಇಳಿದ ರೆಪ್ಪೆಯಿಂದ ಅರ್ಧ ಮುಚ್ಚಿದ ಕಿಟಕಿ. ದೊಡ್ಡವರಲ್ಲಾದರೆ ಗಂಟು ಹೋದ ಮೇಲೆ ದೃಷ್ಟಿ ಮೊದಲಿನಂತಾಗುತ್ತದೆ. ಮಗುವಿನ ಮಿದುಳು ಹಾಗೆ ಕಾಯುವುದಿಲ್ಲ. ಏಳೆಂಟು ವರ್ಷದವರೆಗೆ ಅದು ನೋಡುವುದನ್ನು ಕಲಿಯುತ್ತಲೇ ಇರುತ್ತದೆ. ಒಂದು ಕಣ್ಣಿನಿಂದ ಮಸುಕು ಚಿತ್ರ ಬರುತ್ತಿದ್ದರೆ ಆ ಕಣ್ಣಿನ ಮಾತಿಗೆ ಕಿವಿಗೊಡುವುದನ್ನೇ ಬಿಡುತ್ತದೆ. ಇದಕ್ಕೆ ಸೋಮಾರಿ ಕಣ್ಣು ಎಂಬ ಹೆಸರಿದೆ. ಆ ಹೆಸರು ನನಗೆ ಹಿಡಿಸದು. ಕಣ್ಣು ಸೋಮಾರಿಯಲ್ಲ, ಅದಕ್ಕೆ ಕೆಲಸ ಕೊಟ್ಟವರಿಲ್ಲ.

ಶಾಖ ಎಂದರೆ ಎಷ್ಟು ಶಾಖ

"ಶಾಖ ಕೊಟ್ಟಿರಾ?" ಎಂದು ಕೇಳಿದೆ. "ದಿನಾ ಕೊಟ್ಟಿದ್ದೇವೆ ಮೇಡಂ" ಎಂದರು ತಾಯಿ. ಸುಳ್ಳಲ್ಲ. "ಹೇಗೆ ಕೊಡುತ್ತೀರಿ, ನನಗೆ ತೋರಿಸಿ" ಎಂದು ಫ್ಲಾಸ್ಕಿನ ಬಿಸಿನೀರನ್ನು ಬಟ್ಟಲಿಗೆ ಸುರಿದು ಕೊಟ್ಟೆ. ಅವರು ಕರವಸ್ತ್ರದ ತುದಿಯನ್ನು ಅದ್ದಿ, ಹಿಂಡಿ, ಊದಿ ಆರಿಸಿ, ಮಗುವಿನ ರೆಪ್ಪೆಗೆ ಮುಟ್ಟಿಸಿ ತೆಗೆದರು. ಮತ್ತೆ ಅದ್ದಿದರು, ಮುಟ್ಟಿಸಿದರು. ಮಗು ಕೊಸರಿಕೊಂಡಿತು. ಮುಗಿಯಿತು. ಗೋಡೆಯ ಗಡಿಯಾರದಲ್ಲಿ 40 ಸೆಕೆಂಡು ಕಳೆದಿತ್ತು.

ನನ್ನ ಚೀಟಿಯಲ್ಲಿ ಬರೆದಿದ್ದ "ಬಿಸಿ ಶಾಖ, ದಿನಕ್ಕೆ 3 ಸಲ" ಎಂಬುದನ್ನು ಅವರು ಅಕ್ಷರಶಃ ಪಾಲಿಸಿದ್ದರು. ಎಷ್ಟು ಹೊತ್ತು, ಎಷ್ಟು ಬಿಸಿ, ಯಾಕೆ ಎಂದು ನಾನು ಹೇಳಿರಲೇ ಇಲ್ಲ. ಅತ್ಯುತ್ತಮವಾದ, ದುಡ್ಡಿಲ್ಲದ, ಅಪಾಯವಿಲ್ಲದ ಚಿಕಿತ್ಸೆಯನ್ನು ವೈದ್ಯರಾದ ನಾವು ಅರ್ಧ ವಾಕ್ಯದಲ್ಲಿ ಮುಗಿಸುತ್ತೇವೆ. ಮುಲಾಮಿನ ಹೆಸರನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಯುತ್ತೇವೆ. ಮನೆಯವರೂ ಯಾವುದಕ್ಕೆ ಹೆಚ್ಚು ಬೆಲೆ ಎಂದು ಅದರಿಂದಲೇ ತಿಳಿಯುತ್ತಾರೆ.

ಗ್ರಂಥಿಯೊಳಗೆ ದಪ್ಪಗಾದ ಎಣ್ಣೆ ಇದೆ, ಅದು ಕರಗಿ ಹರಿಯಬೇಕು ಎಂದು ವಿವರಿಸುತ್ತಿದ್ದಾಗ ಅಜ್ಜಿ ನಡುವೆ ಮಾತು ಹಾಕಿದರು: "ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಡುತ್ತೇವಲ್ಲ, ಹಾಗೆಯೋ?" ಹಾಗೆಯೇ. ಬಾಟಲಿಯನ್ನು ಬಿಸಿಲಿಗೆ ತೋರಿಸಿ ಒಳಗೆ ತಂದರೆ ಎಣ್ಣೆ ಕರಗುತ್ತದೆಯೇ? ಇಟ್ಟು ಕಾಯಬೇಕು. ಅಜ್ಜಿಯ ಬೆರಳಿನ ಬಿಸಿಯೂ ತಪ್ಪು ಚಿಕಿತ್ಸೆಯಾಗಿರಲಿಲ್ಲ, ದಾರಿ ಸರಿಯಾಗಿಯೇ ಇತ್ತು; ಸಾಲದಷ್ಟಿತ್ತು, ಅಷ್ಟೇ.

ಅಂದು ಆ ಕೋಣೆಯಲ್ಲಿ ಮೂವರೂ ಕುಳಿತು ಮಾಡಿದೆವು. ಹಳೆಯ ಹತ್ತಿ ಪಂಚೆಯಿಂದ ಹರಿದ ಎರಡು ಬಟ್ಟೆಯ ತುಂಡುಗಳು, ನಾಲ್ಕು ಮಡಿಕೆ. ನೀರು ಕೈ ಅದ್ದಲು ಹಿತವಾಗುವಷ್ಟು ಬಿಸಿ, ಅಂದರೆ 40 ಡಿಗ್ರಿಗಿಂತ ತುಸು ಹೆಚ್ಚು, 45 ದಾಟಬಾರದು. ಥರ್ಮಾಮೀಟರ್ ಬೇಡ. ಹಿಂಡಿದ ಬಟ್ಟೆಯನ್ನು ಮೊದಲು ತಾಯಿ ತನ್ನ ಮಣಿಕಟ್ಟಿನ ಒಳಬದಿಗೆ ಇಟ್ಟು ಐದರವರೆಗೆ ಎಣಿಸಬೇಕು. ಚುರುಕ್ ಎಂದರೆ ಮಗುವಿಗೆ ಅದು ಹೆಚ್ಚು. ಆಮೇಲೆ ಮುಚ್ಚಿದ ರೆಪ್ಪೆಯ ಮೇಲೆ ಇಡಬೇಕು, ಒತ್ತಬಾರದು. ಒದ್ದೆ ಬಟ್ಟೆ ಒಂದೆರಡು ನಿಮಿಷದಲ್ಲಿ ತಣ್ಣಗಾಗುತ್ತದೆ, ಅಷ್ಟರಲ್ಲಿ ಇನ್ನೊಂದು ತುಂಡು ಸಿದ್ಧವಿರಬೇಕು. ಹೀಗೆ ಎಂಟು ಹತ್ತು ನಿಮಿಷ. ಅದಾದ ಕೂಡಲೇ, ರೆಪ್ಪೆ ಇನ್ನೂ ಬೆಚ್ಚಗಿರುವಾಗ, ತೊಳೆದ ಬೆರಳಿನಿಂದ ಮೇಲಿನ ರೆಪ್ಪೆಯಾದರೆ ಮೇಲಿನಿಂದ ಕೂದಲಿನ ಕಡೆಗೆ, ಕೆಳಗಿನದಾದರೆ ಕೆಳಗಿನಿಂದ ಕೂದಲಿನ ಕಡೆಗೆ, ಬೆಣ್ಣೆ ಸವರಿದಷ್ಟು ಹಗುರವಾಗಿ ಹತ್ತು ಸಲ ನೀವಬೇಕು. ಹಿಸುಕಿದರೆ ಎಣ್ಣೆ ಒಳಗೇ ಇನ್ನಷ್ಟು ಸೋರಿ ಗಂಟು ಕೆರಳುತ್ತದೆ. ಕೊನೆಗೆ ಕುದಿಸಿ ಆರಿಸಿದ ನೀರಿನಲ್ಲಿ ಒಂದೆರಡು ಹನಿ ಮಕ್ಕಳ ಶಾಂಪೂ ಬೆರೆಸಿ, ಹತ್ತಿಯಿಂದ ಕೂದಲಿನ ಬುಡದ ಹುರುಪೆ ಒರೆಸಬೇಕು.

ಬೇಯಿಸಿದ ಮೊಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಇಡುವುದು, ಹೆಂಚಿನ ಮೇಲೆ ಅಕ್ಕಿ ಬಿಸಿ ಮಾಡಿ ಗಂಟು ಕಟ್ಟುವುದು, ಇವನ್ನು ಮಕ್ಕಳಿಗೆ ಬೇಡವೆನ್ನುತ್ತೇನೆ. ಒಳಗಿನ ಬಿಸಿ ಹೊರಗೆ ತಿಳಿಯದೆ ತೆಳುವಾದ ರೆಪ್ಪೆ ಸುಡುತ್ತದೆ. ಬೆಳ್ಳುಳ್ಳಿ, ಲವಂಗ ಅರೆದು ಹಚ್ಚುವುದು ಬೇಡವೇ ಬೇಡ. ಗಂಟಿಗಿಂತ ದೊಡ್ಡ ಗಾಯ ಮಾಡಿಕೊಂಡು ಬಂದವರನ್ನು ನೋಡಿದ್ದೇನೆ. ಕಾಡಿಗೆಯನ್ನೂ ನಿಲ್ಲಿಸಲು ಹೇಳಿದೆ. ಅಜ್ಜಿಗೆ ಅದೊಂದು ಮಾತ್ರ ಬೇಸರವಾಯಿತು. ದೃಷ್ಟಿಬೊಟ್ಟನ್ನು ಕೆನ್ನೆಗಿಟ್ಟರೂ ನಡೆಯುತ್ತದೆ ಎಂದಮೇಲೆ ಒಪ್ಪಿದರು.

ಮಗು ಹತ್ತು ನಿಮಿಷ ಕುಳಿತಿರುವುದು ಹೇಗೆ? ಅದಕ್ಕೆ ದಾರಿ ಕಂಡುಕೊಂಡವರೂ ಅಜ್ಜಿಯೇ. ಬೆಳಿಗ್ಗೆ ಬಚ್ಚಲಿನಲ್ಲಿ ಹಂಡೆಯ ನೀರು ಬಿಸಿಯಿರುವಾಗ ಒಂದು ಸಲ, ರಾತ್ರಿ ಮಡಿಲಲ್ಲಿ ಮಲಗಿಸಿಕೊಂಡು ಕಥೆ ಹೇಳುತ್ತ ಒಂದು ಸಲ, ಮಧ್ಯಾಹ್ನ ಮಗು ನಿದ್ದೆ ಹೋದ ಮೇಲೆ ಒಂದು ಸಲ. "ಕಣ್ಣು ಮುಚ್ಚಿದರೆ ಮಾತ್ರ ಕಥೆ" ಎಂಬ ಷರತ್ತು ನನಗೆ ಹೊಳೆದಿರಲಿಲ್ಲ.

ಆರು ವಾರ ಮನೆಯವರು ಒಂದು ದಿನವೂ ತಪ್ಪಿಸಲಿಲ್ಲ. ಎಡಗಣ್ಣಿನ ಗಂಟು ನಾಲ್ಕನೆಯ ವಾರಕ್ಕೆ ಹುಡುಕಿದರೂ ಸಿಗದಂತೆ ಹೋಯಿತು. ಕೂದಲಿನ ಬುಡ ಶುಭ್ರವಾಯಿತು. ಬಲಗಣ್ಣಿನ ದೊಡ್ಡದು 8ರಿಂದ 5 ಮಿಲಿಮೀಟರಿಗೆ ಇಳಿದು ಅಲ್ಲಿಯೇ ನಿಂತುಬಿಟ್ಟಿತು. ಹಳೆಯ ಗಂಟುಗಳಲ್ಲಿ ಎಣ್ಣೆಯ ಸುತ್ತ ನಾರಿನ ಗೋಡೆ ಬೆಳೆದಿರುತ್ತದೆ, ಶಾಖ ಅದನ್ನು ದಾಟದು. ಸಿಲಿಂಡರ್ ಪವರ್ ಇನ್ನೂ 1.75. ದೃಷ್ಟಿ 6/18ರಲ್ಲಿಯೇ ಇತ್ತು.

ಬೇರೇನಾದರೂ ಆಗಿದ್ದರೆ

ತಂದೆ ಅಂದು ಮೊದಲ ಸಲ ಬಂದಿದ್ದರು. ಇಷ್ಟು ದಿನ ಹೋಗದ ಗಂಟು ಕ್ಯಾನ್ಸರ್ ಇರಬಹುದೇ ಎಂದು ಮಗುವನ್ನು ಹೊರಗೆ ಕಳುಹಿಸಿ ಕೇಳಿದರು. ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ವಯಸ್ಸಾದವರಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಏಳುವ ಗಂಟನ್ನು ನಾವು ಪರೀಕ್ಷೆಗೆ ಕಳುಹಿಸಲೇಬೇಕು, ಅಲ್ಲಿ ಎಣ್ಣೆ ಗ್ರಂಥಿಯ ಕ್ಯಾನ್ಸರ್ ಗಂಟಿನ ವೇಷದಲ್ಲಿ ಬರುತ್ತದೆ. ಮಕ್ಕಳಲ್ಲಿ ಆ ಭಯ ಬಹುತೇಕ ಇಲ್ಲ. ಆದರೆ ಗಂಟೆಲ್ಲ ಕಲೇಜಿಯನ್ನೂ ಅಲ್ಲ. ಹುಟ್ಟಿನಿಂದಲೇ ಹುಬ್ಬಿನ ಹೊರತುದಿಯಲ್ಲಿ, ಮೂಳೆಗೆ ಅಂಟಿದಂತೆ ಇರುವ ದುಂಡು ಗಂಟು ಡರ್ಮಾಯ್ಡ್ ಚೀಲ. ನಡುವೆ ಗುಳಿಯಿರುವ ಮುತ್ತಿನಂಥ ಪುಟ್ಟ ಗುಳ್ಳೆ ಒಂದು ಬಗೆಯ ವೈರಸ್ಸಿನದು. ಮೂಗಿನ ಪಕ್ಕದ ಮೂಲೆಯಲ್ಲಿ ಊತವಿದ್ದು ಕಣ್ಣಿನಲ್ಲಿ ನೀರು ಸುರಿಯುತ್ತಿದ್ದರೆ ಕಣ್ಣೀರಿನ ಚೀಲದ ತೊಂದರೆ.

ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು ತಿಂಗಳುಗಳಲ್ಲಿ ಬೆಳೆಯುವ ಕೆಂಪು ಗಡ್ಡೆ ರಕ್ತನಾಳಗಳದ್ದು. ಅದೂ ಇದೇ ರೀತಿ ರೆಪ್ಪೆಯನ್ನು ಇಳಿಸಿ, ಕಾರ್ನಿಯಾವನ್ನು ಒತ್ತಿ ದೃಷ್ಟಿಯನ್ನು ಕಸಿಯುತ್ತದೆ. 2008ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು, ಹೃದಯದ ತೊಂದರೆಗೆಂದು ಪ್ರೊಪ್ರನೊಲಾಲ್ ಎಂಬ ಔಷಧ ಕೊಟ್ಟ ಮಗುವಿನಲ್ಲಿ ಇಂಥ ಗಡ್ಡೆ ಕುಗ್ಗಿದ್ದನ್ನು ಕಂಡು ವರದಿ ಮಾಡಿದರು. ಅಲ್ಲಿಂದ ಅದರ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಇನ್ನು ವಾರದಿಂದ ವಾರಕ್ಕೆ ಬೆಳೆದು ಕಣ್ಣುಗುಡ್ಡೆಯನ್ನೇ ಮುಂದಕ್ಕೋ ಪಕ್ಕಕ್ಕೋ ತಳ್ಳುವ ಗಂಟು ಕಂಡರೆ ಶಾಖ ಕೊಡುತ್ತ ಕೂರಬಾರದು, ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ ಇಡೀ ರೆಪ್ಪೆ ಬಿಸಿಯಾಗಿ ಊದಿ, ಜ್ವರ ಬಂದು, ಕಣ್ಣು ಹೊರಳಿಸಿದರೆ ನೋವೆಂದು ಮಗು ಅತ್ತರೆ, ಸೋಂಕು ಕಣ್ಣಿನ ಗೂಡಿಗೆ ಇಳಿದಿರಬಹುದು. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಈ ಮಗುವಿನಲ್ಲಿ ಅವು ಯಾವುದೂ ಇರಲಿಲ್ಲ. ಉಳಿದ ಪ್ರಶ್ನೆ ಒಂದೇ: ಇನ್ನೂ ಕಾಯುವುದೇ, ತೆಗೆಯುವುದೇ?

ಗಂಟು ಕೆಳರೆಪ್ಪೆಯಲ್ಲಿದ್ದು ದೃಷ್ಟಿ ಚೆನ್ನಾಗಿದ್ದಿದ್ದರೆ ನಾನು ಇನ್ನೂ ಮೂರು ತಿಂಗಳು ಕಾಯಿರಿ ಎನ್ನುತ್ತಿದ್ದೆ, ಎಷ್ಟೋ ಗಂಟುಗಳು ತಿಂಗಳುಗಟ್ಟಲೆ ಇದ್ದು ತಾವಾಗಿ ಕರಗುತ್ತವೆ. ಗಂಟಿಗೆ ಸ್ಟೀರಾಯ್ಡ್ ಚುಚ್ಚುವ ದಾರಿ ದೊಡ್ಡವರಲ್ಲಿ ಒಳ್ಳೆಯದೇ. ನಾಲ್ಕು ವರ್ಷದ ಮಗು ಕಣ್ಣಿನ ಪಕ್ಕ ಸೂಜಿ ಬಂದಾಗ ಅಲುಗಾಡದೆ ಇರದು. ಅದಕ್ಕೂ ಅರಿವಳಿಕೆ ಬೇಕು. ಮೇಲಾಗಿ ನಮ್ಮ ಮೈಬಣ್ಣದವರಲ್ಲಿ ಚುಚ್ಚಿದ ಜಾಗ ಬಿಳಿಚಿಕೊಳ್ಳುವ ಸಾಧ್ಯತೆ ಇದೆ. ದೊಡ್ಡವರ ರೆಪ್ಪೆಯ ಉರಿಯೂತಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಎಂಟು ವರ್ಷದೊಳಗಿನವರಿಗೆ ಹೀಗೆ ವಾರಗಟ್ಟಲೆ ಕೊಡುವುದಿಲ್ಲ, ಬೆಳೆಯುವ ಹಲ್ಲಿಗೆ ಕಲೆ ಕೂರುವ ಭಯ. ಹೀಗೆ ಒಂದೊಂದೇ ಬಾಗಿಲು ಮುಚ್ಚಿ ಉಳಿದದ್ದು ಶಸ್ತ್ರಚಿಕಿತ್ಸೆ.

"ಇಷ್ಟು ಚಿಕ್ಕ ಗಂಟಿಗೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕೇ ಮೇಡಂ?" ಎಂದು ತಂದೆ ಕೇಳಿದರು. ಗಂಟಿನ ಗಾತ್ರಕ್ಕಾಗಿ ಅಲ್ಲ, ಅದು ಕಸಿಯುತ್ತಿರುವ ದೃಷ್ಟಿಗಾಗಿ ಎಂದೆ. ಅವರ ಬಲಗಣ್ಣಿಗೆ ಮಸುಕು ಗಾಜಿನ ಚೌಕಟ್ಟು ಹಾಕಿಸಿ, ಎಡಗಣ್ಣು ಮುಚ್ಚಿ, ಮಗಳು ಕಾಣುವಷ್ಟೇ ಫಲಕವನ್ನು ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಹತ್ತು ನಿಮಿಷದ ಕೆಲಸ

ಏಪ್ರಿಲ್ ಮೊದಲ ವಾರಕ್ಕೆ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ದಿನ ಗೊತ್ತಾಯಿತು. ಎರಡು ದಿನ ಮೊದಲು ಮಗುವಿಗೆ ನೆಗಡಿ, ಕೆಮ್ಮು. ಅರಿವಳಿಕೆ ತಜ್ಞರು ಮೂರು ವಾರ ಮುಂದೂಡಿದರು. ಮನೆಯವರಿಗೆ ಬೇಸರವಾಯಿತು, ನನಗೆ ನೆಮ್ಮದಿಯಾಯಿತು. ನೆಗಡಿಯಾದ ಮಗುವಿನ ಉಸಿರುದಾರಿ ಕೆಲವು ವಾರ ಕೆರಳಿಯೇ ಇರುತ್ತದೆ. ಆಗ ಅರಿವಳಿಕೆ ಕೊಟ್ಟರೆ ಉಸಿರು ಬಿಗಿಯುವ ಅಪಾಯ ಹೆಚ್ಚು. ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವ ವೈದ್ಯರನ್ನು ನಂಬಿ.

ಹಿಂದಿನ ರಾತ್ರಿ ತಾಯಿಗೆ ಫೋನ್ ಮಾಡಿ ಒಂದನ್ನೇ ಮೂರು ಸಲ ಹೇಳಿದೆ. ಊಟ, ಹಸುವಿನ ಹಾಲು ಆರು ಗಂಟೆ ಮೊದಲೇ ನಿಲ್ಲಬೇಕು. ಬರೀ ನೀರು ಎರಡು ಗಂಟೆ ಮೊದಲಿನವರೆಗೆ ಕೊಡಬಹುದು. ಹಸಿದ ಮಗುವಿಗೆ ಬಿಸ್ಕತ್ತು ಕೊಟ್ಟು ಸುಮ್ಮನಿರಿಸುವುದು ಪ್ರೀತಿಯಲ್ಲ. ಪ್ರಜ್ಞೆ ಇಲ್ಲದಾಗ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗುತ್ತದೆ.

ಮುಖಕ್ಕೆ ಮಾಸ್ಕ್ ಇಟ್ಟು ಅನಿಲದಿಂದ ನಿದ್ದೆ ಬರಿಸಿದರು. ಅವಳ ಕಣ್ಣು ಮುಚ್ಚುವವರೆಗೆ ತಾಯಿಯ ಕೈ ಅವಳ ಕೈಯಲ್ಲಿತ್ತು. ಮೊದಲು ಎರಡೂ ಕಣ್ಣುಗಳ ಒತ್ತಡ, ಅಕ್ಷಿಪಟಲ ನೋಡಿದೆವು. ಎಚ್ಚರದ ಮಗುವಿನಲ್ಲಿ ನೆಮ್ಮದಿಯಾಗಿ ನೋಡಲಾಗದ್ದನ್ನು ನೋಡಲು ಇದೇ ಸಮಯ. ಆಮೇಲೆ ರೆಪ್ಪೆಗೆ ಉಂಗುರದಂಥ ಹಿಡಿಕೆಯನ್ನು ಬಿಗಿದು ಒಳಬದಿಗೆ ಮಡಚಿದೆ. ಬೂದು ಮಚ್ಚೆಯ ಮೇಲೆ ನೆಟ್ಟಗೆ, ಸುಮಾರು 4 ಮಿಲಿಮೀಟರ್ ಸೀಳು. ನೆಟ್ಟಗೆ ಯಾಕೆಂದರೆ ಗ್ರಂಥಿಗಳು ನೆಟ್ಟಗೆ ನಿಂತಿವೆ, ಅಡ್ಡ ಕೊಯ್ದರೆ ಪಕ್ಕದವುಗಳಿಗೂ ಪೆಟ್ಟು. ಸೀಳು ರೆಪ್ಪೆಯ ಅಂಚನ್ನು ತಾಗಬಾರದು, ತಾಗಿದರೆ ಅಲ್ಲಿ ಕಚ್ಚು ಉಳಿಯುತ್ತದೆ. ಒಳಗಿನಿಂದ ಸೀಗಡಿಯ ಮಾಂಸದಂಥ ಬೂದುಬಣ್ಣದ, ಲೋಳೆಲೋಳೆಯಾದ ವಸ್ತು ತಾನಾಗಿಯೇ ಉಕ್ಕಿತು. ಚಿಕ್ಕ ಚಮಚದಿಂದ ಗೋಡೆಯವರೆಗೆ ಕೆರೆದು ತೆಗೆದೆ. ಹೊಲಿಗೆ ಇಲ್ಲ. ಹಿಡಿಕೆ ಸಡಿಲಿಸಿ, ರಕ್ತ ನಿಲ್ಲುವವರೆಗೆ ಒತ್ತಿ ಹಿಡಿದು, ಮುಲಾಮು ಹಾಕಿ ಪಟ್ಟಿ ಕಟ್ಟಿದೆ. ಸಂಜೆ ಪಟ್ಟಿ ತೆಗೆದು ಮನೆಗೆ ಕಳುಹಿಸಿದೆವು. ಒಂದು ವಾರ ರೆಪ್ಪೆ ನೇರಳೆಯಾಗಿ ಊದಿರುತ್ತದೆ ಎಂದು ಮೊದಲೇ ಹೇಳಿದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಹೊರಗೆ ಗಾಯದ ಗುರುತೇ ಇರಲಿಲ್ಲ.

ಆರು ವಾರದ ನಂತರ ಗಲ್ಲ ಕೆಳಗಿಳಿದಿತ್ತು. ಸಿಲಿಂಡರ್ ಪವರ್ 0.75. ಆದರೆ ದೃಷ್ಟಿ 6/12. ಒತ್ತಡ ಹೋದರೂ ಮಿದುಳು ಇನ್ನೂ ಆ ಕಣ್ಣಿನ ಕಡೆ ಪೂರ್ತಿ ತಿರುಗಿರಲಿಲ್ಲ. ಅನೇಕ ಮನೆಯವರು ಗಂಟು ಹೋಯಿತೆಂದು ಇಲ್ಲಿಗೇ ಬಿಡುತ್ತಾರೆ. ಎಡಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಅಂಟಿಸಲು ಹೇಳಿದೆ. ಮಧ್ಯಮ ಪ್ರಮಾಣದ ಇಂಥ ಮಂದದೃಷ್ಟಿಯಲ್ಲಿ ದಿನಕ್ಕೆ ಎರಡು ಗಂಟೆಯ ಪಟ್ಟಿ ಆರು ಗಂಟೆಯದ್ದರಷ್ಟೇ ಫಲ ಕೊಡುತ್ತದೆಂದು ಅಮೆರಿಕದ ಮಕ್ಕಳ ನೇತ್ರತಜ್ಞರ ಗುಂಪು 2003ರಲ್ಲಿ ತೋರಿಸಿಕೊಟ್ಟ ಮೇಲೆ ಹೆತ್ತವರ ಕಷ್ಟ ಎಷ್ಟೋ ಕಡಿಮೆಯಾಗಿದೆ. ಆ ಎರಡು ಗಂಟೆ ಸುಮ್ಮನೆ ಕೂರಬಾರದು, ಹತ್ತಿರದ ಸೂಕ್ಷ್ಮ ಕೆಲಸ ಮಾಡಬೇಕು. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸಲು ಕೂರಿಸಿದರು. ಕಲ್ಲು ಸಿಕ್ಕಿದರೆ ಒಂದು ಬೆಲ್ಲದ ಚೂರು. ಪಟ್ಟಿ ಕಿತ್ತೆಸೆಯುವ ಜಗಳ ಮೊದಲ ವಾರವಷ್ಟೇ ಇತ್ತು.

ಸೆಪ್ಟೆಂಬರಿನಲ್ಲಿ ಬಲಗಣ್ಣು 6/9 ಓದಿತು. ಪಟ್ಟಿ ನಿಲ್ಲಿಸಿದೆವು. ಹಿಂದಕ್ಕೆ ಜಾರುವ ಸಾಧ್ಯತೆ ಇರುವುದರಿಂದ ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದೇನೆ.

ನನ್ನ ಕೋಣೆಯ ಮೇಜಿನ ಮೇಲೆ ಈಗ ಫ್ಲಾಸ್ಕು, ಬಟ್ಟಲು, ನಾಲ್ಕು ಮಡಿಕೆಯ ಎರಡು ಬಟ್ಟೆಗಳು ಸದಾ ಇರುತ್ತವೆ. ಗಂಟಿನ ಮಗು ಬಂದರೆ ಮೊದಲು ಚಿತ್ರಫಲಕ, ಆಮೇಲೆ ಗಂಟು, ಕೊನೆಗೆ ಹತ್ತು ನಿಮಿಷ ಶಾಖ. ಹೊರಗೆ ಕಾದವರು ಗೊಣಗುತ್ತಾರೆ. ಅವರಿಗೂ ಕಾರಣ ಹೇಳುತ್ತೇನೆ.

ಕಳೆದ ಕೊಯ್ಲಿನ ಹೊತ್ತಿಗೆ ಆ ಹುಡುಗಿಯ ಎಡ ಮೇಲಿನ ರೆಪ್ಪೆಯಲ್ಲಿ ಹೊಸದೊಂದು ಗಂಟು ಮೂಡಿತು. ರೆಪ್ಪೆಯ ಅಂಚಿನ ಉರಿಯೂತವಿರುವ ಮಕ್ಕಳಲ್ಲಿ ಇದು ಅನಿರೀಕ್ಷಿತವಲ್ಲ. ಅಜ್ಜಿ ಫೋನ್ ಮಾಡಿದಾಗ ಗಂಟು ಎದ್ದು ಎರಡು ದಿನವಾಗಿತ್ತು, ಶಾಖ ಕೊಡಲು ಶುರು ಮಾಡಿ ಎರಡು ದಿನವಾಗಿತ್ತು. ಮೂರನೆಯ ವಾರ ಮಗುವನ್ನು ಕರೆದುಕೊಂಡು ಬಂದರು. ಗಂಟು ಇರಲಿಲ್ಲ. ಹುಡುಗಿ ತಾನೇ ಕುರ್ಚಿ ಹತ್ತಿ ಕುಳಿತು, ಎಡಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿಕೊಂಡು, ಕೊನೆಯಿಂದ ಎರಡನೆಯ ಸಾಲಿನ ಮನೆಯನ್ನು ತೋರಿಸಿದಳು.